ಮಳೆಯನ್ನು ತೂಗುವ ತಕ್ಕಡಿ

ನಮ್ಮ ನಾಡಿನ ರೈತರು ಮಳೆಗಾಲವನ್ನು ನಕ್ಷತ್ರಗಳ ಹೆಸರಿನಿಂದ ಎಣಿಸುವುದು ಬಹು ಹಳೆಯ ರೂಢಿ. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದೊಂದು ಮಳೆಯ ಅವಧಿ ಹದಿಮೂರು ಹದಿನಾಲ್ಕು ದಿನ. ಸೂರ್ಯನು ಆರಿದ್ರಾ ನಕ್ಷತ್ರವನ್ನು ಪ್ರವೇಶಿಸುವುದು ಜೂನ್ 22ರ ಆಸುಪಾಸಿನಲ್ಲಿ. ಆ ದಿನ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಬದಲಾಗದು. ಆದರೆ ಆರಿದ್ರಾ ಮಳೆಯ ರೀತಿ ಬೇರೆ. ಒಂದು ವರ್ಷ ಕೆರೆಗಳು ಕೋಡಿ ಬೀಳುವಂತೆ ಸುರಿದ ಮಳೆಯು ಮರುವರ್ಷ ಬಿತ್ತಿದ ಬೀಜವನ್ನು ನೆನೆಸದೆಯೇ ಕಳೆದುಹೋಗುತ್ತದೆ. ಇದಕ್ಕೆ ಕಾರಣವೇನು?

ಬೇಸಗೆಯಲ್ಲಿ ನೆಲವು ಕಡಲಿಗಿಂತ ಬೇಗನೆ ಕಾಯುತ್ತದೆ, ನೆಲದ ಮೇಲಿನ ವಾಯುಭಾರ ಕುಗ್ಗುತ್ತದೆ, ಆಗ ಹಿಂದೂ ಮಹಾಸಾಗರದ ಕಡೆಯಿಂದ ತೇವವನ್ನು ಹೊತ್ತ ನೈಋತ್ಯ ಮಾರುತಗಳು ನಮ್ಮತ್ತ ಬೀಸುತ್ತವೆ ಎಂಬುದನ್ನು ನೀವು ಹಿಂದಿನ ತರಗತಿಗಳಲ್ಲಿ ಓದಿದ್ದೀರಿ. ಈ ವಿವರಣೆ ಸರಿಯೇ. ಆದರೆ ಪ್ರತಿ ವರ್ಷವೂ ಮಳೆಗಾಲ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಮಾತ್ರ ಇದು ಉತ್ತರ. ಸೂರ್ಯನ ತಾಪ ಎಲ್ಲ ವರ್ಷಗಳಲ್ಲೂ ಒಂದೇ ಸಮನಾಗಿರುವಾಗ ಒಂದು ವರ್ಷದ ಮಳೆ ಇನ್ನೊಂದು ವರ್ಷದ ಮಳೆಯಂತೆ ಏಕಿರುವುದಿಲ್ಲ ಎಂಬುದನ್ನು ಇದು ತಿಳಿಸಲಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಇಡೀ ಭಾರತದ ಸರಾಸರಿ ಮಳೆ ಸುಮಾರು 87 ಸೆಂಟಿಮೀಟರ್. ಇದರಲ್ಲಿ ನೂರಕ್ಕೆ ಹತ್ತು ಪಾಲು ಕಡಿಮೆಯಾದರೆ ಅದು ಅಲ್ಪವೆಂದು ತೋರಬಹುದು. ಆದರೆ ದೇಶದಲ್ಲಿ ಬರಗಾಲದ ಮಾತು ಕೇಳಿಬರಲು ಅಷ್ಟೇ ಸಾಕು. ಪಶ್ಚಿಮ ಘಟ್ಟದ ನೆತ್ತಿಯ ಮೇಲಿರುವ ಆಗುಂಬೆಗೆ ಈ ಕೊರತೆ ಅಷ್ಟಾಗಿ ತಟ್ಟದು. ಘಟ್ಟದ ಮಳೆನೆರಳಿನಲ್ಲಿರುವ ಚಳ್ಳಕೆರೆ, ಪಾವಗಡಗಳಂತಹ ಸೀಮೆಗಳಲ್ಲಿ ಅದೇ ಕೊರತೆಯು ಬೆಳೆಯ ಅಳಿವು ಉಳಿವಿನ ಪ್ರಶ್ನೆ.

ಮಳೆ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೈಸೂರು ಸಂಸ್ಥಾನದ ಜನ 1876ರಲ್ಲಿ ಕಂಡರು. ಆ ವರ್ಷ ಮುಂಗಾರೂ ಸೋತಿತು, ಹಿಂಗಾರೂ ಸೋತಿತು. ಅದು ಧಾತು ಸಂವತ್ಸರ. ಅದರ ಮುಂದಿನದು ಈಶ್ವರ. ಆ ಎರಡು ವರ್ಷಗಳ ಕ್ಷಾಮದಲ್ಲಿ ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಐದನೆಯ ಒಂದು ಪಾಲು ಜನ ಹಸಿವಿನಿಂದಲೂ ರೋಗದಿಂದಲೂ ಅಳಿದರು. ದಖನ್ ಪ್ರಸ್ಥಭೂಮಿಯಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಇದೇ ಗತಿಯಾಯಿತು. ಇದಕ್ಕಿಂತಲೂ ಆಶ್ಚರ್ಯಕರವಾದ ಒಂದು ಸಂಗತಿಯುಂಟು. ಆ ವರ್ಷಗಳಲ್ಲಿಯೇ ಉತ್ತರ ಚೀನಾದಲ್ಲಿ ಘೋರವಾದ ಕ್ಷಾಮ ಬಿದ್ದಿತ್ತು. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಈಶಾನ್ಯ ಭಾಗವೂ ಒಣಗಿಹೋಗಿತ್ತು. ಒಂದನ್ನೊಂದು ಕಂಡರಿಯದ ನಾಡುಗಳ ಜನ ಒಂದೇ ಕಾಲದಲ್ಲಿ ಆಕಾಶದತ್ತ ನೋಡುತ್ತ ನಿಂತಿದ್ದರು. ಇವೆಲ್ಲವೂ ಒಂದೇ ಕಾರಣದಿಂದ ಆಗಿರಬಹುದೆಂದು ಅಂದು ಯಾರೂ ತಿಳಿದಿರಲಿಲ್ಲ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ, ಎಂದರೆ ಕ್ಷಾಮಕ್ಕೆ ಒಂದೇ ವರ್ಷ ಮೊದಲು. ಅದರ ಮೊದಲ ಮುಖ್ಯಸ್ಥನಾದ ಹೆನ್ರಿ ಬ್ಲ್ಯಾನ್‌ಫರ್ಡ್‌ನನ್ನು ಸರಕಾರವು, ಮುಂದಿನ ಮಳೆಗಾಲ ಹೇಗಿರುವುದೆಂದು ಮೊದಲೇ ಹೇಳಲು ಸಾಧ್ಯವೆ ಎಂದು ಕೇಳಿತು. ಹಿಮಾಲಯದಲ್ಲಿ ಚಳಿಗಾಲದ ಹಿಮ ಹೆಚ್ಚಾದರೆ ಮುಂದಿನ ಮಳೆ ಕಡಿಮೆಯಾಗುವುದೆಂದು ಆತನು ಗುರುತಿಸಿ, ಅದರ ಆಧಾರದಿಂದ ಮುನ್ಸೂಚನೆ ಕೊಡತೊಡಗಿದನು. ಆ ಸೂತ್ರ ಕೆಲವು ವರ್ಷ ನಡೆಯಿತು. 1899ರಲ್ಲಿ ಮಳೆ ಮತ್ತೆ ಘೋರವಾಗಿ ಸೋತಾಗ ಹಿಮವೊಂದನ್ನೇ ನಂಬಿ ಕುಳಿತರೆ ಸಾಲದೆಂಬುದು ಖಚಿತವಾಯಿತು.

1904ರಲ್ಲಿ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞನು ಈ ಇಲಾಖೆಯ ಮುಖ್ಯಸ್ಥನಾಗಿ ಬಂದನು. ಕೇಂಬ್ರಿಜ್‌ನಲ್ಲಿ ಗಣಿತ ಬೋಧಿಸುತ್ತಿದ್ದ ಈತನಿಗೆ ಹವಾಮಾನ ಶಾಸ್ತ್ರದಲ್ಲಿ ಅನುಭವವಿರಲಿಲ್ಲ. ಎಸೆದವನ ಕಡೆಗೇ ತಿರುಗಿಬರುವ ಬೂಮರಾಂಗ್ ಎಂಬ ಆಯುಧದ ಹಾರಾಟವನ್ನು ಲೆಕ್ಕ ಹಾಕುವುದರಲ್ಲಿ ಆತನಿಗೆ ಎಲ್ಲಿಲ್ಲದ ಆಸಕ್ತಿ. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. 1913ರ ಫೆಬ್ರವರಿಯಲ್ಲಿ ವಾಕರ್ ಮದರಾಸಿಗೆ ಬಂದಿದ್ದಾಗ, ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ತರುಣನೊಬ್ಬನ ಗಣಿತದ ಬರಹಗಳನ್ನು ಆತನಿಗೆ ತೋರಿಸಲಾಯಿತು. ವಾಕರ್ ಅವುಗಳನ್ನು ನೋಡಿ, ಈ ತರುಣನಿಗೆ ನೆರವು ನೀಡಬೇಕೆಂದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕಾಗದ ಬರೆದನು. ತರುಣನಿಗೆ ತಿಂಗಳಿಗೆ 75 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು. ಆತನೇ ಶ್ರೀನಿವಾಸ ರಾಮಾನುಜನ್. ಮಳೆಯ ಗುಟ್ಟನ್ನು ಹುಡುಕಲು ಬಂದವನು ದಾರಿಯಲ್ಲಿ ಇಂತಹ ರತ್ನವನ್ನೂ ಗುರುತಿಸಿದನು.

ವಾಕರ್‌ನಿಗಿಂತ ಮೊದಲೇ, 1888ರಲ್ಲಿ, ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿದ್ದ ಚಾರ್ಲ್ಸ್ ಟಾಡ್ ಎಂಬ ವೀಕ್ಷಕನು ತನ್ನ ದೇಶದ ಬರಗಳೂ ಭಾರತದ ಬರಗಳೂ ಬಹುಮಟ್ಟಿಗೆ ಒಟ್ಟೊಟ್ಟಿಗೆ ಬರುತ್ತವೆಂದು ಗಮನಿಸಿದ್ದನು. ವಾಕರ್ ಈ ಬಗೆಯ ಸಂಬಂಧಗಳನ್ನು ಜಗತ್ತಿನ ತುಂಬ ಹುಡುಕಲು ಹೊರಟನು. ನಾನಾ ದೇಶಗಳ ವೀಕ್ಷಣಾಲಯಗಳಿಂದ ಒತ್ತಡ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿಕೊಂಡನು. ಒಂದು ಊರಿನ ಅಂಕಿ ಏರಿದಾಗ ಮತ್ತೊಂದು ಊರಿನದು ಏರುವುದೆ, ಇಳಿಯುವುದೆ, ಅಥವಾ ಸುಮ್ಮನಿರುವುದೆ ಎಂದು ಒಂದೊಂದು ಜೋಡಿಗೂ ಲೆಕ್ಕ ಹಾಕಿಸಿದನು. ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಈ ಕೆಲಸವನ್ನು ಮಾಡಿದವರು ಕಾಗದ, ಲೇಖನಿ ಹಿಡಿದು ಕುಳಿತ ಭಾರತೀಯ ಗುಮಾಸ್ತರು. ಅವರ ಬೆರಳುಗಳ ದುಡಿಮೆಯಿಲ್ಲದೆ ಮುಂದಿನ ಕಥೆಯೇ ಇಲ್ಲ.

ಈ ಅಂಕಿಗಳ ಕಾಡಿನಲ್ಲಿ ಒಂದು ಕ್ರಮ ಕಾಣಿಸಿಕೊಂಡಿತು. ಪೆಸಿಫಿಕ್ ಎಂದು ಕರೆಯುವ ಶಾಂತಸಾಗರದ ಮೇಲೆ ವಾಯುಭಾರ ಹೆಚ್ಚಾದಾಗ ಹಿಂದೂ ಮಹಾಸಾಗರದ ಮೇಲೆ ಕಡಿಮೆಯಾಗುತ್ತದೆ. ಅಲ್ಲಿ ಕಡಿಮೆಯಾದಾಗ ಇಲ್ಲಿ ಹೆಚ್ಚುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಕೆಲವು ವರ್ಷಗಳಿಗೊಮ್ಮೆ ಮೇಲೆ ಕೆಳಗೆ ತೂಗುತ್ತವೆ. 1924ರಲ್ಲಿ ಪ್ರಕಟವಾದ ಬರಹದಲ್ಲಿ ವಾಕರ್ ಇದಕ್ಕೆ ದಕ್ಷಿಣ ಆಂದೋಲನ ಎಂಬ ಹೆಸರಿಟ್ಟನು. ಆಂದೋಲನವೆಂದರೆ ತೂಗಾಟ. ಇಂದು ಇದನ್ನು ಅಳೆಯಲು ಎರಡು ಸ್ಥಳಗಳನ್ನು ಆರಿಸಿಕೊಂಡಿದ್ದಾರೆ. ಒಂದು ಆಸ್ಟ್ರೇಲಿಯದ ಉತ್ತರ ತೀರದ ಡಾರ್ವಿನ್, ಇನ್ನೊಂದು ಶಾಂತಸಾಗರದ ನಡುವಣ ತಾಹಿಟಿ ದ್ವೀಪ. ಇವೆರಡರ ನಡುವೆ ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಸಾವಿರ ಮಿಲಿಬಾರಿನಷ್ಟಿರುವ ವಾಯುಭಾರದಲ್ಲಿ ಏರಿಳಿತವಾಗುವುದು ಕೆಲವೇ ಮಿಲಿಬಾರು. ಆದರೆ ಅಷ್ಟು ಸಣ್ಣ ವ್ಯತ್ಯಾಸದ ಹಿಂದೆ ಅರ್ಧ ಭೂಗೋಲದ ಗಾಳಿಯ ಚಲನೆ ಅಡಗಿದೆ.

ತಕ್ಕಡಿ ತೂಗುತ್ತಿರುವುದನ್ನು ವಾಕರ್ ಕಂಡನು. ಅದನ್ನು ತೂಗುವ ಕೈ ಯಾವುದೆಂದು ತಿಳಿಯದಾಯಿತು. ಆ ಕೈ ಕಡಲಿನದು. ಅದನ್ನು ಅರಿಯಲು ನಾವು ದಕ್ಷಿಣ ಅಮೆರಿಕದ ಪೆರು ದೇಶದ ಕರಾವಳಿಗೆ ಹೋಗಬೇಕು.

ಪೆರುವಿನ ತೀರದ ಕಡಲು ಉಷ್ಣವಲಯದಲ್ಲಿದ್ದರೂ ತಣ್ಣಗಿರುತ್ತದೆ. ಅಲ್ಲಿ ಬೀಸುವ ಗಾಳಿಯು ಮೇಲ್ಪದರದ ನೀರನ್ನು ತೀರದಿಂದ ಆಚೆಗೆ ತಳ್ಳುವುದರಿಂದ ಆಳದ ತಂಪು ನೀರು ಮೇಲಕ್ಕೆ ಬರುತ್ತದೆ. ಅದರೊಡನೆ ಬರುವ ಲವಣಾಂಶಗಳನ್ನು ಉಂಡು ಸೂಕ್ಷ್ಮ ಜೀವಿಗಳು ಬೆಳೆಯುತ್ತವೆ. ಅವುಗಳನ್ನು ತಿಂದು ಆಂಚೊವಿ ಎಂಬ ಸಣ್ಣ ಮೀನುಗಳ ಹಿಂಡು ಬೆಳೆಯುತ್ತದೆ. ವರ್ಷದ ಕೊನೆಯಲ್ಲಿ, ಕ್ರಿಸ್‌ಮಸ್ ಹಬ್ಬದ ಸುಮಾರಿಗೆ, ಉತ್ತರದಿಂದ ಬೆಚ್ಚನೆಯ ನೀರು ಸ್ವಲ್ಪಮಟ್ಟಿಗೆ ಹರಿದುಬರುವುದುಂಟು. ಬೆಸ್ತರು ಅದನ್ನು ಬಾಲಯೇಸುವಿನ ಹೆಸರಿನಿಂದ ಎಲ್ ನಿನೊ ಎಂದು ಕರೆದರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಗಂಡುಮಗು ಎಂದು ಅರ್ಥ. ಕೆಲವು ವರ್ಷಗಳಲ್ಲಿ ಈ ಮಗು ದೈತ್ಯನಾಗುತ್ತದೆ. ಬಿಸಿನೀರು ತಿಂಗಳುಗಟ್ಟಲೆ ನಿಂತು, ಮೀನುಗಳು ಮರೆಯಾಗಿ, ಮಳೆಯನ್ನೇ ಕಾಣದ ಆ ಮರಳುನಾಡಿನಲ್ಲಿ ಪ್ರವಾಹ ಬರುತ್ತದೆ. ಹೆಸರು ಕೊಟ್ಟವರು ಬೆಸ್ತರಾದರೂ ಈಗ ಶಾಸ್ತ್ರಜ್ಞರು ಆ ಹೆಸರನ್ನು ಇಡೀ ಶಾಂತಸಾಗರದ ಈ ಬಿಸಿಯೇರಿಕೆಗೆ ಅನ್ವಯಿಸುತ್ತಾರೆ.

ಪೆರುವಿನ ಬಿಸಿನೀರಿಗೂ ವಾಕರನ ತಕ್ಕಡಿಗೂ ನಂಟು ಕಲ್ಪಿಸಿದವನು ನಾರ್ವೆ ಮೂಲದ ಜೇಕಬ್ ಯರ್ಕ್‌ನೆಸ್. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಈತನು 1969ರಲ್ಲಿ ಹೇಳಿದ್ದು ಹೀಗೆ. ಸಾಮಾನ್ಯ ವರ್ಷಗಳಲ್ಲಿ ವಾಣಿಜ್ಯ ಮಾರುತಗಳು ಸಮಭಾಜಕ ವೃತ್ತದ ಉದ್ದಕ್ಕೂ ಪೂರ್ವದಿಂದ ಪಶ್ಚಿಮಕ್ಕೆ ಬೀಸಿ, ಬಿಸಿಲಿಗೆ ಕಾದ ನೀರನ್ನು ಇಂಡೊನೇಷ್ಯದ ಕಡೆಗೆ ದೂಡುತ್ತವೆ. ಅಲ್ಲಿ ನೀರು ಒಟ್ಟಾಗುವುದರಿಂದ ಕಡಲ ಮಟ್ಟವೇ ಸುಮಾರು ಅರ್ಧ ಮೀಟರಿನಷ್ಟು ಎತ್ತರವಾಗಿರುತ್ತದೆ. ನೀರಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿರುತ್ತದೆ. ಬೆಚ್ಚನೆಯ ಕಡಲ ಮೇಲಿನ ತೇವಗಾಳಿ ಮೇಲೇರಿ ಮೋಡವಾಗಿ ಮಳೆ ಸುರಿಸುತ್ತದೆ. ಮೇಲೇರಿದ ಗಾಳಿ ಎತ್ತರದಲ್ಲಿ ಪೂರ್ವಕ್ಕೆ ಸಾಗಿ ಪೆರುವಿನ ಬಳಿಯ ತಂಪು ಕಡಲ ಮೇಲೆ ಇಳಿಯುತ್ತದೆ. ಹೀಗೆ ರಾಟೆಯಂತೆ ಸುತ್ತುವ ಈ ವಾಯು ಪರಿಚಲನೆಗೆ ಯರ್ಕ್‌ನೆಸ್ ವಾಕರನ ಹೆಸರನ್ನೇ ಇಟ್ಟನು. ಮಾರುತಗಳು ದುರ್ಬಲವಾದರೆ ಒಟ್ಟಾಗಿದ್ದ ಬಿಸಿನೀರು ಪೂರ್ವಕ್ಕೆ ಮರಳುತ್ತದೆ. ಬಿಸಿನೀರು ಮರಳಿದಷ್ಟೂ ಎರಡು ತೀರಗಳ ಉಷ್ಣತೆಯ ಅಂತರ ಕಡಿಮೆಯಾಗಿ ಮಾರುತಗಳು ಇನ್ನಷ್ಟು ಸೊರಗುತ್ತವೆ. ಕಡಲು ಗಾಳಿಯನ್ನು ಬದಲಿಸುತ್ತದೆ, ಗಾಳಿ ಕಡಲನ್ನು ಬದಲಿಸುತ್ತದೆ. ಎಲ್ ನಿನೊ ಹುಟ್ಟುವುದು ಹೀಗೆ. ಇದಕ್ಕೆ ವಿರುದ್ಧವಾಗಿ ವಾಣಿಜ್ಯ ಮಾರುತಗಳು ಬಲಗೊಂಡು ಪೂರ್ವದ ಕಡಲು ಮತ್ತಷ್ಟು ತಣ್ಣಗಾದರೆ ಅದಕ್ಕೆ ಲಾ ನಿನಾ, ಎಂದರೆ ಹೆಣ್ಣುಮಗು, ಎಂದು ಹೆಸರು.

ಈಗ ನಮ್ಮ ಮಳೆಗೆ ಬರೋಣ. ಎಲ್ ನಿನೊ ವರ್ಷದಲ್ಲಿ ಗಾಳಿ ಮೇಲೇರುವ ತಾಣ ಇಂಡೊನೇಷ್ಯದಿಂದ ಶಾಂತಸಾಗರದ ನಡುವಿಗೆ ಸರಿಯುತ್ತದೆ. ಒಂದೆಡೆ ಏರಿದ ಗಾಳಿ ಇನ್ನೊಂದೆಡೆ ಇಳಿಯಲೇಬೇಕಷ್ಟೆ. ಆ ಇಳಿತವು ಇಂಡೊನೇಷ್ಯ, ಆಸ್ಟ್ರೇಲಿಯ ಮತ್ತು ಭಾರತದ ಮೇಲೆ ಆಗುತ್ತದೆ. ಇಳಿಯುವ ಗಾಳಿ ಒಣಗಿರುತ್ತದೆ. ಅದು ಮೋಡವನ್ನು ಕಟ್ಟಲು ಬಿಡದು. 1972, 1982, 1987, 2002, 2009, 2015 ಇವೆಲ್ಲ ಎಲ್ ನಿನೊ ಇದ್ದ ವರ್ಷಗಳು, ಭಾರತದಲ್ಲಿ ಮುಂಗಾರು ಸೋತ ವರ್ಷಗಳು. 2009ರಲ್ಲಿ ಮಳೆಯು ವಾಡಿಕೆಗಿಂತ ಶೇಕಡ 22ರಷ್ಟು ಕಡಿಮೆಯಾಯಿತು. ಲಾ ನಿನಾ ಇದ್ದ 1988ರಲ್ಲಿ ವಾಡಿಕೆಗಿಂತ ಶೇಕಡ 19ರಷ್ಟು ಹೆಚ್ಚು ಮಳೆ ಬಂದಿತು. ಇನ್ನು 1877? ಆ ವರ್ಷ ಶಾಂತಸಾಗರದಲ್ಲಿ ಅತಿ ಪ್ರಬಲವಾದ ಎಲ್ ನಿನೊ ಇತ್ತೆಂದು ಹಳೆಯ ದಾಖಲೆಗಳಿಂದ ಇಂದು ತಿಳಿದುಬಂದಿದೆ. ಮೈಸೂರಿನ ಕ್ಷಾಮ ಬೆಳೆದು ನಿಂತದ್ದೂ, ಚೀನಾ, ಬ್ರೆಜಿಲ್‌ಗಳು ಒಣಗಿದ್ದೂ ಒಂದೇ ತಕ್ಕಡಿಯ ತೂಕಕ್ಕೆ ಸಿಕ್ಕಿ. ಮಳೆಯ ಸೋಲೊಂದೇ ಅಷ್ಟು ಜನರನ್ನು ಕೊಂದಿತೆಂದು ಹೇಳಲಾಗದು. ಧಾನ್ಯವಿದ್ದ ಕಡೆಯಿಂದ ಹಸಿದವರ ಕಡೆಗೆ ಅದು ತಲುಪದಿದ್ದುದು ಬೇರೆಯೇ ಕಥೆ, ಅದು ಚರಿತ್ರೆಯ ಪಾಠಕ್ಕೆ ಸೇರಿದ್ದು.

ಇಷ್ಟನ್ನು ಓದಿದವರು, ಎಲ್ ನಿನೊ ಬಂದರೆ ಬರ ಖಂಡಿತ ಎಂದು ತೀರ್ಮಾನಿಸಬಹುದು. ಆ ಅವಸರ ಬೇಡ. 1997ರಲ್ಲಿ ಇಪ್ಪತ್ತನೆಯ ಶತಮಾನದ ಅತಿ ಪ್ರಬಲವಾದ ಎಲ್ ನಿನೊಗಳಲ್ಲಿ ಒಂದು ತಲೆಯೆತ್ತಿತು. ಭಾರತದಲ್ಲಿ ದೊಡ್ಡ ಬರ ಬರುವುದೆಂದು ಜನ ಹೆದರಿದರು. ಆದರೆ ಆ ವರ್ಷದ ಮಳೆ ವಾಡಿಕೆಗಿಂತ ತುಸು ಹೆಚ್ಚೇ ಆಯಿತು. ಹಾಗಾದರೆ ತಕ್ಕಡಿಯ ಸಿದ್ಧಾಂತವೇ ಸುಳ್ಳಾಯಿತೆ?

ಸುಳ್ಳಾಗಲಿಲ್ಲ, ಮತ್ತೊಂದು ಚಿಕ್ಕ ತಕ್ಕಡಿ ನಮ್ಮ ಮಗ್ಗುಲಲ್ಲಿಯೇ ಇರುವುದು ಬೆಳಕಿಗೆ ಬಂದಿತು. ಸಾಮಾನ್ಯವಾಗಿ ಹಿಂದೂ ಮಹಾಸಾಗರದಲ್ಲಿ ಸುಮಾತ್ರದ ಬಳಿಯ ನೀರು ಬೆಚ್ಚಗಿದ್ದು, ಆಫ್ರಿಕದ ಕಡೆಯ ನೀರು ಅಷ್ಟು ಬೆಚ್ಚಗಿರುವುದಿಲ್ಲ. ಕೆಲವು ವರ್ಷಗಳಲ್ಲಿ ಸುಮಾತ್ರದ ತೀರದಲ್ಲಿ ತಂಪು ನೀರು ಮೇಲೆದ್ದು, ಆಫ್ರಿಕದ ಕಡೆಯ ಕಡಲು ಬಿಸಿಯೇರುತ್ತದೆ. ಆಗ ಮೋಡಗಳೂ ಪಶ್ಚಿಮಕ್ಕೆ ಸರಿಯುತ್ತವೆ. ಭಾರತದತ್ತ ಬರುವ ತೇವಗಾಳಿಗೆ ಬಲ ಬರುತ್ತದೆ. ಇದಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಎಂದು ಹೆಸರು. 1999ರಲ್ಲಿ ಜಪಾನಿನ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಇದನ್ನು ವಿವರಿಸಿದರು; ಅವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಿ. ಎನ್. ಗೋಸ್ವಾಮಿಯವರೂ ಒಬ್ಬರು. ಅದೇ ಸಂಸ್ಥೆಯಲ್ಲಿ ಬಹುಕಾಲ ದುಡಿದ ಸುಲೋಚನಾ ಗಾಡ್ಗೀಳರು ತಮ್ಮ ಸಂಗಡಿಗರೊಡನೆ 2004ರಲ್ಲಿ, ಈ ಕಡಲಿನ ಮೇಲೆ ಮೋಡಗಳು ಪೂರ್ವಪಶ್ಚಿಮವಾಗಿ ತೂಗುವುದನ್ನೂ ಎಲ್ ನಿನೊವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ನಮ್ಮ ಅತಿವೃಷ್ಟಿ, ಅನಾವೃಷ್ಟಿಗಳ ವರ್ಷಗಳು ಅರ್ಥವಾಗುತ್ತವೆಂದು ತೋರಿಸಿದರು. 1997ರಲ್ಲಿ ದೂರದ ತಕ್ಕಡಿ ಮಳೆಯನ್ನು ಕೆಳಕ್ಕೆ ಎಳೆದರೆ ಹತ್ತಿರದ ತಕ್ಕಡಿ ಮೇಲಕ್ಕೆ ಎತ್ತಿತ್ತು. 2019ರಲ್ಲಿ ಈ ದ್ವಿಧ್ರುವವು ಬಹು ಪ್ರಬಲವಾಗಿತ್ತು. ಆ ವರ್ಷ ಭಾರತದಲ್ಲಿ ವಾಡಿಕೆಗಿಂತ ಶೇಕಡ 10ರಷ್ಟು ಹೆಚ್ಚು ಮಳೆಯಾಯಿತು. ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ನದಿಗಳು ಉಕ್ಕಿ ಊರುಗಳನ್ನು ನುಗ್ಗಿದವು. ಅದೇ ವರ್ಷದ ಕೊನೆಯಲ್ಲಿ ಒಣಗಿದ ಆಸ್ಟ್ರೇಲಿಯದ ಕಾಡುಗಳಿಗೆ ಬೆಂಕಿ ಬಿದ್ದಿತು.

ಇದುವರೆಗೆ ಹೇಳಿದ್ದು ವರ್ಷದಿಂದ ವರ್ಷಕ್ಕೆ ಆಗುವ ತೂಗಾಟ. ಒಂದೇ ಮಳೆಗಾಲದ ಒಳಗೂ ಮಳೆ ಕೆಲವು ವಾರ ಸುರಿದು ಕೆಲವು ವಾರ ಬಿಡುವು ಕೊಡುವುದನ್ನು ನೀವು ಕಂಡಿದ್ದೀರಿ. ಇದರ ಹಿಂದೆ ಇನ್ನೊಂದು ಆಂದೋಲನವಿದೆ. ಶಾಂತಸಾಗರದ ನಡುವೆ ಕ್ಯಾಂಟನ್ ಎಂಬ ಪುಟ್ಟ ದ್ವೀಪವುಂಟು. ಅಲ್ಲಿ ಸುಮಾರು ಹತ್ತು ವರ್ಷ ದಾಖಲಿಸಿದ ಗಾಳಿ ಮತ್ತು ಒತ್ತಡಗಳ ಅಂಕಿಗಳನ್ನು ಅಮೆರಿಕದ ಮ್ಯಾಡನ್ ಮತ್ತು ಜೂಲಿಯನ್ ಎಂಬಿಬ್ಬರು ಪರಿಶೀಲಿಸಿ, ಅವು 40–50 ದಿನಗಳಿಗೊಮ್ಮೆ ಏರಿಳಿಯುತ್ತವೆಂದು 1971ರಲ್ಲಿ ಪ್ರಕಟಿಸಿದರು. ಇದು ಒಂದೆಡೆ ನಿಂತು ತೂಗುವ ತಕ್ಕಡಿಯಲ್ಲ, ನಡೆಯುವ ಮೆರವಣಿಗೆ. ಮೋಡಗಳ ದೊಡ್ಡ ಗುಂಪೊಂದು ಹಿಂದೂ ಮಹಾಸಾಗರದ ಪಶ್ಚಿಮದಲ್ಲಿ ಹುಟ್ಟಿ, ಸೆಕೆಂಡಿಗೆ ಸುಮಾರು 5 ಮೀಟರಿನ ವೇಗದಿಂದ ಪೂರ್ವಕ್ಕೆ ಸಾಗಿ, ಶಾಂತಸಾಗರದ ನಡುವೆ ಕರಗುತ್ತದೆ. ಅದು ನಮ್ಮ ಕಡಲಿನ ಮೇಲಿದ್ದಾಗ ಮಳೆಗೆ ಅನುಕೂಲ. ದಾಟಿಹೋದ ಮೇಲೆ ಬಿಡುವು. ನಮ್ಮ ಮಳೆಗಾಲದಲ್ಲಿ ಮೋಡದ ಪಟ್ಟಿಯು ಸಮಭಾಜಕ ವೃತ್ತದ ಬಳಿಯಿಂದ ಉತ್ತರಕ್ಕೂ ಸರಿಯುತ್ತದೆಂದು, ಎರಡರಿಂದ ಆರು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಹೀಗೆ ಬರುತ್ತದೆಂದು, ಡಿ. ಆರ್. ಸಿಕ್ಕಾ ಮತ್ತು ಸುಲೋಚನಾ ಗಾಡ್ಗೀಳರು ಉಪಗ್ರಹದ ಚಿತ್ರಗಳಿಂದ 1980ರಲ್ಲಿ ತೋರಿಸಿದರು. ರೈತರ ಮೂರು ಮಳೆನಕ್ಷತ್ರಗಳ ಅವಧಿಯನ್ನು ಕೂಡಿಸಿದರೆ ಸರಿಸುಮಾರು ನಲವತ್ತು ದಿನಗಳಾಗುತ್ತವೆ. ಇದು ಕೇವಲ ಕಾಕತಾಳೀಯ, ನಕ್ಷತ್ರಕ್ಕೂ ಮೋಡದ ಮೆರವಣಿಗೆಗೂ ಸಂಬಂಧವಿಲ್ಲ; ಆದರೂ ನೆನಪಿನಲ್ಲಿಡಲು ಅನುಕೂಲವಾದ ಲೆಕ್ಕ.

ಬಿಡುವು ಅತಿಯಾದರೆ ಅದೇ ಬರ. 2002ರ ಜುಲೈ ತಿಂಗಳಲ್ಲಿ ದೇಶಕ್ಕೆ ವಾಡಿಕೆಯ ಮಳೆಯ ಅರ್ಧದಷ್ಟು ಮಾತ್ರ ಬಂದಿತು. ಯಾವ ಮುನ್ಸೂಚನೆಯೂ ಇದನ್ನು ಮೊದಲೇ ಹೇಳಿರಲಿಲ್ಲ. 2023ರ ಆಗಸ್ಟ್ ತಿಂಗಳು 1901ರಿಂದ ಈಚೆಗಿನ ಆಗಸ್ಟುಗಳಲ್ಲೆಲ್ಲ ಅತಿ ಒಣಗಿದ್ದು. ಆಗ ಎಲ್ ನಿನೊ ಬೆಳೆಯುತ್ತಿತ್ತು, ಮೋಡದ ಮೆರವಣಿಗೆಯೂ ನಮ್ಮಿಂದ ದೂರವಿತ್ತು. ಆ ವರ್ಷ ಕರ್ನಾಟಕ ಸರಕಾರವು ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು.

ಹಿಂಗಾರಿನ ನಡತೆ ಮಾತ್ರ ಇದಕ್ಕೆ ವ್ಯತಿರಿಕ್ತ. ಮುಂಗಾರನ್ನು ಕುಗ್ಗಿಸುವ ಎಲ್ ನಿನೊ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ತಮಿಳುನಾಡಿನ ಕಡೆಗೆ ಬಹುಮಟ್ಟಿಗೆ ಹೆಚ್ಚು ಮಳೆಯನ್ನು ತರುತ್ತದೆ. 2015ರಲ್ಲಿ ಮುಂಗಾರು ಶೇಕಡ 14ರಷ್ಟು ಕಡಿಮೆಯಾಗಿ ದೇಶ ಬಳಲಿತು. ಅದೇ ವರ್ಷದ ನವೆಂಬರ್, ಡಿಸೆಂಬರ್‌ಗಳಲ್ಲಿ ಚೆನ್ನೈ ನಗರ ನೀರಿನಲ್ಲಿ ಮುಳುಗಿತು.

ಇಷ್ಟೆಲ್ಲ ತಿಳಿದ ಮೇಲೂ ಮುಂದಿನ ಮಳೆಗಾಲವನ್ನು ನಿಖರವಾಗಿ ಹೇಳುವುದು ಏಕೆ ಕಷ್ಟ? ದಕ್ಷಿಣ ಆಂದೋಲನವು ತನ್ನ ದಿಕ್ಕನ್ನು ಬದಲಿಸುವುದು ಹೆಚ್ಚಾಗಿ ಮಾರ್ಚ್‌ನಿಂದ ಮೇ ತಿಂಗಳವರೆಗೆ. ರೈತನು ಬೀಜ ಕೊಳ್ಳಬೇಕಾದ ಆ ತಿಂಗಳುಗಳಲ್ಲಿಯೇ ತಕ್ಕಡಿಯ ಮುಳ್ಳು ಅಲುಗಾಡುತ್ತಿರುತ್ತದೆ. ವಾಕರ್ ರಚಿಸಿದ ಸೂತ್ರಗಳು ಕಾಲಕ್ರಮದಲ್ಲಿ ಬಲಗುಂದಿದವು. ಆತನ ತರುವಾಯ ಇಲಾಖೆಯ ಮುಖ್ಯಸ್ಥನಾಗಿದ್ದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದನು. ಜಗತ್ತಿನ ಹವಾಮಾನದಿಂದ ಭಾರತದ ಮಳೆಯನ್ನು ಊಹಿಸುವುದಕ್ಕಿಂತ, ಭಾರತದ ಮಳೆಯನ್ನು ನೋಡಿ ಮುಂದೆ ಬೇರೆಡೆಯ ಹವಾಮಾನವನ್ನು ಊಹಿಸುವುದೇ ಸುಲಭವಂತೆ!

ಆದುದರಿಂದ ಮುನ್ಸೂಚನೆಯನ್ನು ಸಂಭವನೀಯತೆಯ ರೂಪದಲ್ಲಿ ಓದಬೇಕು. ಎಲ್ ನಿನೊ ಇದ್ದ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾರಿ ಮಳೆ ವಾಡಿಕೆಗಿಂತ ಕಡಿಮೆಯಾಗಿದೆ. ಉಳಿದ ಬಾರಿ ಆಗಿಲ್ಲ. ಇಂತಹ ತಿಳಿವಳಿಕೆಯಿಂದ ಹೊಲದಲ್ಲಿ ನಿಂತವನಿಗೆ ಏನು ಪ್ರಯೋಜನ ಎಂಬುದನ್ನು ಸುಲೋಚನಾ ಗಾಡ್ಗೀಳರು ಪಾವಗಡ ಸೀಮೆಯ ರೈತರೊಡನೆ ಕುಳಿತು ವಿಚಾರಿಸಿದರು. ಅಲ್ಲಿನ ಮುಖ್ಯ ಬೆಳೆ ಶೇಂಗಾ ಎಂದೂ ಕರೆಯುವ ಕಡಲೆಕಾಯಿ. ಗಿಡ ಎಳೆಯದಾಗಿದ್ದಾಗ ಕೆಲವು ದಿನಗಳ ಒಣಹವೆಯನ್ನು ತಾಳಿಕೊಳ್ಳುತ್ತದೆ. ಮಣ್ಣಿನೊಳಗೆ ಕಾಯಿ ತುಂಬುವ ಹೊತ್ತಿನಲ್ಲಿ ಮಳೆ ಬಿಡುವು ಕೊಟ್ಟರೆ ಬೆಳೆ ಕೈಗೆ ಹತ್ತದು. ಎಂದಮೇಲೆ ಒಟ್ಟು ಮಳೆ ಎಷ್ಟು ಎಂಬುದಕ್ಕಿಂತ, ಬಿಡುವು ಯಾವಾಗ ಬರುವುದು, ಅದಕ್ಕೆ ಹೊಂದಿಕೊಳ್ಳುವಂತೆ ಯಾವಾಗ ಬಿತ್ತಬೇಕು ಎಂಬುದೇ ಅವರಿಗೆ ಬೇಕಾದ ಉತ್ತರ. ನಾಲ್ಕು ತಿಂಗಳ ಮಳೆಯನ್ನು ಹೇಳುವುದಕ್ಕಿಂತ ಎರಡು ವಾರಗಳ ಮಳೆಯನ್ನು ಹೇಳುವುದರಲ್ಲಿ ಇಂದು ಹೆಚ್ಚು ಭರವಸೆ ಮೂಡಿದೆ. ಮೋಡದ ಮೆರವಣಿಗೆ ಎಲ್ಲಿದೆ ಎಂಬುದನ್ನು ಉಪಗ್ರಹಗಳು ದಿನದಿನವೂ ತೋರಿಸುತ್ತಿರುವುದೇ ಇದಕ್ಕೆ ಕಾರಣ. ಒಣಹವೆಯ ವಾರಗಳು ಬರುತ್ತಿವೆಯೆಂದು ಮೊದಲೇ ತಿಳಿದರೆ, ರೈತನು ಮೇಲುಗೊಬ್ಬರ ಹಾಕುವುದನ್ನು ತಡೆಹಿಡಿದು, ಹೊಂಡದಲ್ಲಿ ನಿಂತ ನೀರನ್ನು ಕಾಯಿ ತುಂಬುವ ದಿನಗಳಿಗೆಂದು ಉಳಿಸಿಕೊಳ್ಳಬಲ್ಲನು.